ಕಾಫಿಡಬ್ಬಿಯ ಹಾಲು

ಗುರುವಾರ ಮಧ್ಯಾಹ್ನ ಮೂರು ಗಂಟೆಗೆ, ಊಟದವರು ಎದ್ದು ದೋಸೆಯವರು ಬರುವ ಮೊದಲಿನ ಬಿಡುವಿನಲ್ಲಿ, ರಘುಪತಿ ರಾಯರು ಉದ್ದಿನಬೇಳೆ ತೂಗುವ ತಕ್ಕಡಿಯಲ್ಲಿ ಮೊಮ್ಮಗಳನ್ನು ತೂಗುತ್ತಿದ್ದರು. ಗಡಿಯಾರದಂತೆ ದುಂಡು ಮುಖದ, ಒಂದೇ ಮುಳ್ಳಿನ ಹಳೆಯ ತಕ್ಕಡಿ. ಅದರ ಮೇಲೆ ಸ್ಟೀಲಿನ ಹರಿವಾಣ, ಹರಿವಾಣದಲ್ಲಿ ನಾಲ್ಕು ಮಡಿಕೆಯ ಹಳೇ ಸೀರೆ, ಸೀರೆಯ ಮೇಲೆ ಹನ್ನೊಂದು ವಾರದ ಸ್ಫೂರ್ತಿ. ಹರಿವಾಣ, ಸೀರೆ ಸೇರಿ ಒಂದು ಕಿಲೋ ಎಂದು ಮನಸ್ಸಿನಲ್ಲೇ ಕಳೆದು, ರಾಯರು ಅಡುಗೆಮನೆಗೆ ಆರ್ಡರು ಕೂಗುವ ದನಿಯಲ್ಲಿ ಕೂಗಿದರು.

"ಐದು ಕಿಲೋ ನೂರು."

ಬಂಗಾಳದ ಮಹಾನಗರದ ಬೆಹಾಲಾ ಬಡಾವಣೆಯಲ್ಲಿ, ಮೆಟ್ರೋ ಕಂಬಗಳ ಪಕ್ಕದ ಆ ಹೋಟೆಲಿನಲ್ಲಿ ಕಾಫಿ ಹೀರುತ್ತಿದ್ದ ಇಬ್ಬರು ಬಂಗಾಳಿ ಮುದುಕರು ಮಂಕಿ ಕ್ಯಾಪಿನೊಳಗಿಂದ ನಕ್ಕರು.

"ಎಂತಕ್ಕೆ ಅಷ್ಟು ಜೋರಾಗಿ ಹೇಳುದು? ದೃಷ್ಟಿ ಆಗ್ತದೆ," ಎಂದು ಗಿರಿಜಮ್ಮ ಒಳಗಿಂದಲೇ ಗಂಡನನ್ನು ಗದರಿದರು.

"ನನ್ನ ತಕ್ಕಡಿ, ನನ್ನ ಮೊಮ್ಮಗಳು. ಕಳೆದ ವಾರಕ್ಕಿಂತ ಇನ್ನೂರು ಗ್ರಾಂ ಜಾಸ್ತಿ ಮಾರಾಯ್ತಿ."

ಸೊಸೆ ಪ್ರಣೀತಾ ಮಗುವನ್ನು ಎತ್ತಿಕೊಳ್ಳುವಷ್ಟರಲ್ಲಿ ಪದ್ಮಿನಿ ಬಂದಳು. ಅಲಿಪುರ ಬಡಾವಣೆಯ ಫ್ಲ್ಯಾಟಿನವಳು, ಆ ನಗರದ ಕನ್ನಡ ತಾಯಂದಿರ ಕೂಟವನ್ನು ಕಟ್ಟಿದವಳು. ತಿಂಗಳಿಗೊಂದು ಭಾನುವಾರ ಅವಳ ಮನೆಯಲ್ಲಿ ಕೂಟ, ಅದಕ್ಕೆ ಇಡ್ಲಿ ಮತ್ತು ಅಕ್ಕಿ ಬೆಲ್ಲದ ಹಾಲುಬಾಯಿ ಇಲ್ಲಿಂದ.

"ಎಷ್ಟು ಮುದ್ದಾಗಿದಾಳೆ ನೋಡಿ. ಸೋಮವಾರದಿಂದ ಕೆಲಸಕ್ಕಂತೆ? ಹಾಲಿಗೇನು ಮಾಡ್ತೀಯ ಪ್ರಣೀತಾ? ಫಾರ್ಮುಲಾ ಶುರು ಮಾಡಿಲ್ಲ ತಾನೆ?"

"ಇಲ್ಲ ಅಕ್ಕ. ಎದೆ ಹಾಲೇ. ಹಿಂಡಿಟ್ಟು ಹೋಗ್ತೀನಿ."

ಅದು ಸುಳ್ಳು. ಹೇಳಿದವಳಿಗೆ ಗೊತ್ತಿತ್ತು. ಒಳಗೆ ನಿಂತು ಕೇಳಿದ ಗಿರಿಜಮ್ಮನಿಗೆ ಗೊತ್ತಿತ್ತು. ತಕ್ಕಡಿ ಒರೆಸುತ್ತಿದ್ದ ರಾಯರಿಗೂ ಗೊತ್ತಿತ್ತು.

ಹೆರಿಗೆಯಾದ ಮೂರನೆಯ ವಾರವೇ ಮಗು ಎದೆ ಬಿಟ್ಟ ಐದು ನಿಮಿಷಕ್ಕೆ ಹಸಿದು ಅಳುತ್ತಿತ್ತು. ಮೆಂತ್ಯದ ಗಂಜಿ, ಸಬ್ಬಸಿಗೆ, ಬೆಳ್ಳುಳ್ಳಿ, ಎಲ್ಲ ಆಗಿ ಪ್ರಣೀತಾಳ ಮೈಯೆಲ್ಲ ಮೆಂತ್ಯದ ವಾಸನೆ ಹೊಡೆಯಿತೇ ಹೊರತು ಹಾಲು ಹೆಚ್ಚಲಿಲ್ಲ. ಜೊತೆಗೆ ಡಬ್ಬಿ ಹಾಲು ಕೊಡಿ ಎಂದು ಮಕ್ಕಳ ಡಾಕ್ಟರು ಚೀಟಿ ಬರೆದರು. ಗಂಡ ರಾಜೇಶ ಡಬ್ಬಿಯನ್ನು ಬದನೆಕಾಯಿಯ ಚೀಲದ ತಳದಲ್ಲಿಟ್ಟು ತಂದ. ಮನೆ ಹೋಟೆಲಿನ ಮೇಲಿನ ಮಾಳಿಗೆ. ಊರಿನವರು, ಕೇಟರಿಂಗಿನವರು, ಕೆಳಗೆ ಕೈ ತೊಳೆದವರೆಲ್ಲ ಮೇಲೆ ಬಂದು ಒಂದು ನಿಮಿಷ ಕೂತು ಹೋಗುವ ಮನೆ.

"ಇದು ಇಲ್ಲಿ ಎದುರಿಗೆ ಇರುದು ಬೇಡ," ಎಂದು ಗಿರಿಜಮ್ಮನೇ ಪುಡಿಯನ್ನು ಹಳೇ ಕಾಫಿಡಬ್ಬಿಗೆ ಸುರಿದರು. ಅಳತೆಯ ಚಮಚವನ್ನೂ ಅದರೊಳಗೇ ಹುಗಿದರು.

"ಒಳ್ಳೇದಾಯ್ತು ಅತ್ತೆ," ಎಂದಳು ಪ್ರಣೀತಾ. ಆ ದಿನ ಅತ್ತೆ ಸೊಸೆ ಒಂದೇ ಮಾತಿನವರಾಗಿದ್ದರು.

ಖಾಲಿ ಡಬ್ಬಿಯನ್ನು ಕಟ್ಟಡದ ಕಸಕ್ಕೆ ಹಾಕುವಂತಿಲ್ಲ. ಕಸದವಳು ನಾಲ್ಕು ಮಹಡಿಗೂ ಹೋಗುವವಳು. ರಾಜೇಶ ಅದನ್ನು ತುಳಿದು ಚಪ್ಪಟೆ ಮಾಡಿ, ತರಕಾರಿಗೆ ಹೋಗುವಾಗ ಒಯ್ದು, ಎರಡು ಬಸ್ ಸ್ಟಾಪು ದಾಟಿ ಎಸೆದು ಬರುತ್ತಿದ್ದ. ಡಬ್ಬಿಯ ಮೇಲೆ ನೀರೆಷ್ಟು, ಪುಡಿಯೆಷ್ಟು ಎಂದು ಅಕ್ಷರದಲ್ಲೂ ಇತ್ತು, ಓದು ಬಾರದವರಿಗೂ ತಿಳಿಯಲೆಂದು ಚಿತ್ರದಲ್ಲೂ ಇತ್ತು. ಅದೂ ಚಪ್ಪಟೆಯಾಗಿ ಹೋಯಿತು.

ಸೋಮವಾರ ಎಂಟೂವರೆಗೆ ಪ್ರಣೀತಾ ಹೊರಟಳು. ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದರಲ್ಲಿ ಅವಳು ಗುತ್ತಿಗೆಯ ಸಂಶೋಧನಾ ಸಹಾಯಕಿ. ಆರು ತಿಂಗಳ ರಜೆ ಕಾನೂನಿನಲ್ಲಿದೆ ಎಂದರೆ ಕಚೇರಿಯವರು ಅದು ಕಾಯಂ ಆದವರಿಗೆ ಎಂದಿದ್ದರು. ಮೂರು ತಿಂಗಳೇ ಉಪಕಾರ. ಕಾಯಂ ಆದವರ ಮಕ್ಕಳಿಗೆ ಮಾತ್ರ ಹಸಿವಾಗುತ್ತದೆ ಎಂದು ಆ ಕಾಗದ ಬರೆದವರು ತಿಳಿದಿರಬೇಕು.

"ನೂರಿಪ್ಪತ್ತು ನೀರಿಗೆ ನಾಲ್ಕು ಚಮಚ ಅತ್ತೆ. ತಲೆ ಸವರಿ ಹಾಕ್ಬೇಕು, ಗುಡ್ಡೆ ಮಾಡಿ ಅಲ್ಲ."

"ಮೂವತ್ತೈದು ವರ್ಷದಿಂದ ಹಾಲು ಕಾಯಿಸ್ತಾ ಇದ್ದೇನೆ. ನಂಗೆ ಹಾಲು ಕಲಿಸ್ಲಿಕ್ಕೆ ಬರ್ತಿಯಾ? ಹೋಗು, ಬಸ್ಸು ತಪ್ತದೆ."

ಪ್ರಯೋಗಾಲಯದಲ್ಲಿ ಹಾಲು ಹಿಂಡಲು ಜಾಗವಿರಲಿಲ್ಲ. ಗಾಜಿನ ಸಾಮಾನು ಇಡುವ ಉಗ್ರಾಣದ ಕೀಲಿ ಕೊಟ್ಟರು. ಒಳಗೆ ಚಿಲಕವಿಲ್ಲದ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಸ್ಪಿರಿಟ್ಟಿನ ವಾಸನೆಯಲ್ಲಿ ಅವಳು ಪಂಪು ಒತ್ತಿದಳು. ಇಪ್ಪತ್ತು ನಿಮಿಷಕ್ಕೆ ನಲವತ್ತು ಎಂ.ಎಲ್. ಎರಡನೆಯ ವಾರ ಮೂವತ್ತು. ಹೊರಗೆ ಯಾರೋ ಬೀಕರು ಬೇಕೆಂದು ಬಾಗಿಲು ದೂಡಿದರು. ಒಳಗಿದ್ದೀನಿ ಎಂದರೆ ಏನು ಮಾಡುತ್ತಿದ್ದೀರಿ ಎಂದರು.

ಇತ್ತ ಹೋಟೆಲಿನಲ್ಲಿ ಗಿರಿಜಮ್ಮ ಮಗುವನ್ನು ಅಡುಗೆಮನೆಯ ಬಾಗಿಲಲ್ಲಿ ಕಟ್ಟಿದ ಜೋಲಿಯಲ್ಲಿ ಹಾಕಿ ಅರವತ್ತು ಜನರ ಮಧ್ಯಾಹ್ನದ ಊಟ ನೋಡುತ್ತಿದ್ದರು. ಒಂದು ಕಾಲಿನಲ್ಲಿ ಜೋಲಿ ತೂಗುವುದು, ಕೈಯಲ್ಲಿ ಸಾರಿಗೆ ಒಗ್ಗರಣೆ. ಮೊದಲ ದಿನ ನಾಲ್ಕು ಚಮಚವನ್ನೇ ಹಾಕಿದರು. ಮಾರನೆಯ ಬೆಳಿಗ್ಗೆ ಮಗುವಿಗೆ ಮಲ ಗಟ್ಟಿಯಾಯಿತು, ಮುಖ ಕೆಂಪಗೆ ಮಾಡಿ ತಿಣುಕಿತು. ಗಿರಿಜಮ್ಮ ಬಾಟಲಿ ಎತ್ತಿ ಬೆಳಕಿಗೆ ಹಿಡಿದರು. ಹಾಲು ಮಂದವಿತ್ತು. ಸಾಂಬಾರು ಮಂದವಾದರೆ, ಪಾಯಸ ಮಂದವಾದರೆ, ಅವರ ಕೈ ತಾನಾಗಿಯೇ ನೀರಿಗೆ ಹೋಗುತ್ತಿತ್ತು. ಈಗಲೂ ಹೋಯಿತು. ನಾಲ್ಕು ಚಮಚ ಎರಡಾಯಿತು. ಸಂಜೆ, ರಾತ್ರಿಯ ಬಾಟಲಿಯನ್ನೂ ಅವರೇ ಕಲಸಿಡುತ್ತಿದ್ದರು. ಪುಡಿ ಕಡಿಮೆಯಾದಷ್ಟೂ ಅದು ಡಬ್ಬಿ ಹಾಲು ಅಲ್ಲದ ಹಾಗೆ, ತಾಯಿ ಹಾಲಿಗೆ ಹತ್ತಿರವಾದ ಹಾಗೆ ಎಂದೂ ಅವರಿಗೆ ಒಳಗೊಳಗೆ ಅನ್ನಿಸಿತ್ತು.

ಮುಂದಿನ ಗುರುವಾರ ಐದು ಕಿಲೋ ನೂರೈವತ್ತು.

"ಐವತ್ತೇ ಗ್ರಾಮಾ?" ರಾಯರು ಹುಬ್ಬು ಗಂಟಿಕ್ಕಿದರು.

"ಅಮ್ಮ ಇಲ್ಲದ ಬೇಜಾರು ಅದಕ್ಕೆ," ಎಂದರು ಗಿರಿಜಮ್ಮ.

ಆ ಭಾನುವಾರ ಅಲಿಪುರದಲ್ಲಿ ಕೂಟ. ಹನ್ನೆರಡು ತಾಯಂದಿರು, ನೆಲದ ಮೇಲೆ ಬಣ್ಣದ ಚಾಪೆಗಳು. ಗಂಡಂದಿರು ಬಾಲ್ಕನಿಯಲ್ಲಿ ನಿಂತು ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದರು. ಅವರನ್ನು ಯಾರೂ ಏನೂ ಕೇಳುವಂತಿರಲಿಲ್ಲ.

"ನಮ್ಮ ಬಿಲ್ಡಿಂಗಲ್ಲೊಬ್ಬಳು," ಎಂದಳು ಪದ್ಮಿನಿ, "ಎರಡನೇ ತಿಂಗಳಿಗೇ ಡಬ್ಬಿ. ಸೋಮಾರಿತನ ಅಷ್ಟೇ. ಹಾಲು ಬರಲ್ಲ ಅನ್ನೋದೆಲ್ಲ ಸುಳ್ಳು ಕಣ್ರೀ. ಎಲ್ಲರಿಗೂ ಬರುತ್ತೆ. ಮನಸ್ಸು ಮಾಡ್ಬೇಕು."

"ಡಬ್ಬಿ ಮಕ್ಕಳನ್ನ ನೋಡಿದ್ರೆ ಗೊತ್ತಾಗುತ್ತೆ," ಎಂದಳು ಇನ್ನೊಬ್ಬಳು. "ಊದಿಕೊಂಡಿರ್ತಾವೆ, ಒಳಗೆ ಬಲ ಇರಲ್ಲ."

"ನಮ್ಮ ಪ್ರಣೀತಾನ ನೋಡಿ. ಕೆಲಸಕ್ಕೂ ಹೋಗ್ತಾಳೆ, ಬರೀ ಎದೆ ಹಾಲಿನಲ್ಲೇ ಬೆಳೆಸ್ತಿದಾಳೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರಣೀತಾ ಕತ್ತು ಬಗ್ಗಿಸಿ ನಕ್ಕಳು. ನಾಚಿಕೆ ಎಂದುಕೊಂಡರು ಎಲ್ಲರೂ. ನಿಜವಾಗಿ ಅದು ನಾಚಿಕೆಯೇ.

ಪಕ್ಕದಲ್ಲಿ ಪ್ರಕೃತಿ ಕೂತಿದ್ದಳು. ಧಾರವಾಡದ ಕಡೆಯ ಹುಡುಗಿ, ಅವಳ ಗಂಡ ಋಷಿಕೇಶ್ ಪಿಎಚ್‌ಡಿ ವಿದ್ಯಾರ್ಥಿ. ಬೆಹಾಲಾದಲ್ಲೇ ಒಂದು ಕೋಣೆಯ ಬಾಡಿಗೆ ಮನೆ, ಮನೆಯಲ್ಲಿ ಹಿರಿಯರು ಯಾರೂ ಇಲ್ಲ. ತೊಡೆಯ ಮೇಲೆ ಮೂರು ತಿಂಗಳ ವಿವೇಕ ಸದ್ದಿಲ್ಲದೆ ಮಲಗಿದ್ದ. ಎಲ್ಲರೂ ಇಡ್ಲಿಗೆ ಎದ್ದ ಮೇಲೆ ಅವಳು ಪ್ರಣೀತಾಳ ಸೆರಗು ಹಿಡಿದಳು.

"ಅಕ್ಕಾ, ನೀವು ಹೆಂಗ್ ಮಾಡ್ತೀರಿ? ನಂಗಂತೂ ಹಾಲ ಸಾಲವಲ್ದು. ಕೂಸು ದಿನಾ ಅಳತೈತಿ. ಇವ್ರು ಡಬ್ಬಿ ತರ್ಲಿ ಏನಂತ ಕೇಳಿದ್ರು. ನಾನ ಬ್ಯಾಡ ಅಂದೆ. ಇವ್ರೆಲ್ಲ ಏನಂತಾರ?"

ಉತ್ತರ ಪ್ರಣೀತಾಳ ನಾಲಿಗೆಯ ತುದಿಯಲ್ಲಿತ್ತು. ಎದುರಿಗೆ ಪದ್ಮಿನಿ ಚಟ್ನಿ ಬಡಿಸುತ್ತಿದ್ದಳು.

"ಮೆಂತ್ಯ ತಿನ್ನು. ಸಬ್ಬಸಿಗೆ ತಿನ್ನು. ನೀರು ಚೆನ್ನಾಗಿ ಕುಡಿ. ಬಿಡಬೇಡ, ಬರುತ್ತೆ."

"ಎಷ್ಟ್ ದಿನಕ್ಕ ಬರತೈತಿ?"

"ಹದಿನೈದು ದಿನ."

ಎಷ್ಟು ಸಲೀಸಾಗಿ ಬಂತು ಆ ಸಂಖ್ಯೆ.

ಎರಡನೆಯ ವಾರದ ಕೊನೆಗೆ ತೂಕ ಐದು ಕಿಲೋ ನೂರೈವತ್ತರಲ್ಲೇ ನಿಂತಿತು. ರಾಯರು ಮಗುವನ್ನೂ ಹರಿವಾಣವನ್ನೂ ಇಳಿಸಿ ಐದು ಕಿಲೋ ಅಕ್ಕಿಯ ಪೊಟ್ಟಣ ಇಟ್ಟರು. ಮುಳ್ಳು ಸರಿಯಾಗಿ ಐದಕ್ಕೆ ಹೋಯಿತು.

"ತಕ್ಕಡಿ ಸರಿ ಉಂಟು," ಎಂದರು. ಆ ದಿನ ಕೂಗಲಿಲ್ಲ.

ಹೋಟೆಲಿನ ಪಾತ್ರೆ ತೊಳೆಯುವ ಝರ್ನಾ ಬಾಟಲಿಗಳನ್ನೂ ತೊಳೆಯುತ್ತಿದ್ದಳು. ಒಂದು ಸಂಜೆ ಪ್ರಣೀತಾ ಬಂದು ಚಪ್ಪಲಿ ಬಿಡುವಾಗ, ಅವಳನ್ನು ಬಂಗಾಳಿಯಲ್ಲಿ ಬೌದಿ, ಅಂದರೆ ಅತ್ತಿಗೆ, ಎನ್ನುವ ಝರ್ನಾ ಹೇಳಿದಳು: "ಬೌದಿ, ಮೊದಲು ಬಾಟಲಿಗೆ ಬ್ರಷ್ ಹಾಕಿ ಉಜ್ಜಬೇಕಿತ್ತು. ಈಗ ಬರೀ ನೀರಲ್ಲಿ ಅಲ್ಲಾಡಿಸಿದರೆ ಸಾಕು. ಅಂಟೇ ಇಲ್ಲ."

"ನಿನಗೆ ಕೆಲಸ ಕಡಿಮೆಯಾಯ್ತಲ್ಲ."

"ಕೆಲಸದ ಮಾತಲ್ಲ. ನಾನು ನಾಲ್ಕು ಮನೆ ಪಾತ್ರೆಗೆ ಹೋಗುವಾಗ ಮಗನಿಗೆ ಬಾರ್ಲಿ ನೀರು ಕುಡಿಸ್ತಿದ್ದೆ. ಅದಕ್ಕೂ ಹೀಗೇ ಅಂಟು ಇರಲಿಲ್ಲ."

ಪ್ರಣೀತಾ ಕೈಕಾಲು ತೊಳೆಯಲು ಹೋದಳು. ಆಮೇಲೆ ಕಾಫಿಡಬ್ಬಿ ಇಳಿಸಿ ಮುಚ್ಚಳ ತೆಗೆದಳು. ಆರು ದಿನಕ್ಕೆ ಮುಗಿಯಬೇಕಿದ್ದ ಪುಡಿ ಒಂಬತ್ತನೆಯ ದಿನವೂ ಉಳಿದಿತ್ತು. ಅವಳು ಅಂಕಿಅಂಶದ ಮೇಲೆ ಕೆಲಸ ಮಾಡುವವಳು. ಲೆಕ್ಕ ಬಾರದವಳಲ್ಲ. ಆದರೆ ಆ ಹೊತ್ತಿಗೆ ಅವಳಿಗೆ ಆದದ್ದು ಸಂತೋಷ. ಮಗು ಡಬ್ಬಿ ಹಾಲು ಅಷ್ಟು ಕಡಿಮೆ ಕುಡಿಯುತ್ತಿದೆ ಎಂದರೆ ತಾನು ಕೊಡುವುದೇ ಹೆಚ್ಚು. ಮುಚ್ಚಳ ಹಾಕಿ ಮೇಲಿಟ್ಟಳು. ಅತ್ತೆಯನ್ನು ಕೇಳಲಿಲ್ಲ. ರಾತ್ರಿ ತಾಯಂದಿರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹೇಗೆ ನಡೀತಿದೆ ಎಂದು ಕೇಳಿದಾಗ ಒಂದು ಹೆಬ್ಬೆರಳಿನ ಚಿತ್ರ ಒತ್ತಿದಳು.

ಮೂರನೆಯ ವಾರ ಐದು ಕಿಲೋ ನೂರು. ಅಂದು ರಾತ್ರಿ ಊಟದ ಹೊತ್ತಿಗೆ ಜಗಳ ಹತ್ತಿತು. ಬಾಳೆಕಾಯಿ ಪಲ್ಯ, ತಿಳಿಸಾರು, ಮೇಜಿನ ಸುತ್ತ ನಾಲ್ವರು.

"ಕೆಲಸ ಬಿಡು," ಎಂದರು ಗಿರಿಜಮ್ಮ. "ಮಗುವಿಗೆ ಬೇಕಾದ್ದು ನಿನ್ನ ಎದೆ. ನಿನ್ನ ಪ್ರಯೋಗ ಅಲ್ಲ."

"ಎದೇಲಿ ಇಲ್ಲ ಅತ್ತೆ. ಇಲ್ಲದ್ದನ್ನ ಮನೇಲಿ ಕೂತು ಕೊಡೋಕಾಗುತ್ತಾ?"

"ನಾನು ಇವನಿಗೆ ಎರಡು ವರ್ಷ ಕುಡಿಸಿದ್ದೇನೆ. ಖಿದಿರ್‌ಪುರದ ಕ್ಯಾಂಟೀನಿನಲ್ಲಿ ರುಬ್ಬುತ್ತಾ, ಎರಡು ವರ್ಷ."

"ನೂರು ಸಲ ಹೇಳಿದೀರಿ."

"ಡಬ್ಬಿ ಹಾಲಿನದ್ದೇ ತೊಂದ್ರೆ ಇದು," ಎಂದ ರಾಜೇಶ, ಸಾರು ಕಲಸುತ್ತಾ. "ಪದ್ಮಿನಿಯಕ್ಕ ಹೇಳುದು ಸುಳ್ಳಲ್ಲ. ಒಳಗೆ ಬಲ ಇಲ್ಲ ಅದರಲ್ಲಿ."

"ನೀವು ಒಂದು ದಿನ ಕಲಸಿ ಕುಡಿಸಿದೀರಾ ರಾಜೇಶ್? ಒಂದು ದಿನ?"

"ಅಂಗಡಿಯಿಂದ ತರುದು ಯಾರು? ಎಸೆದು ಬರುದು ಯಾರು?"

"ಹೌದು. ಎಸೆಯೋದು ನೀವೇ."

"ಊಟ ಮಾಡಿ," ಎಂದರು ರಾಯರು. "ಮಗು ನಿದ್ದೆ ಮಾಡ್ತಾ ಉಂಟು."

ಮಗು ನಿದ್ದೆಯಲ್ಲೇ ಇತ್ತು. ಈಚೆಗೆ ಯಾವಾಗಲೂ ನಿದ್ದೆ. ಅಳುವುದನ್ನೂ ಬಿಟ್ಟಿತ್ತು. ಈಗ ಹಟ ಕಡಿಮೆಯಾಗಿದೆ ಎಂದು ಗಿರಿಜಮ್ಮ ಎಲ್ಲರಿಗೂ ಹೇಳುತ್ತಿದ್ದರು. ದಿನಕ್ಕೆ ಇನ್ನೂರು ಜನ ಉಂಡು ಕೈ ತೊಳೆಯುವ ಮನೆಯಲ್ಲಿ ಒಂದು ಮಗು ಹಸಿದು ಸುಮ್ಮನಾಗಿತ್ತು. ಆ ಮೇಜಿನ ಸುತ್ತ ಎಲ್ಲ ಪ್ರಶ್ನೆಗಳೂ ಎದ್ದವು. ಎಷ್ಟು ಚಮಚ ಎಂಬುದೊಂದು ಏಳಲಿಲ್ಲ.

ನಾಲ್ಕನೆಯ ಗುರುವಾರ ತೂಕಕ್ಕೆ ಇಡಲಾಗಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಗಿರಿಜಮ್ಮ ಬಾಟಲಿ ಬಾಯಿಗಿಟ್ಟರೆ ಸ್ಫೂರ್ತಿ ಎಳೆಯಲಿಲ್ಲ. ಕಣ್ಣು ಒಂದೇ ಕಡೆ ನಿಂತಿತು, ಎಡಗೈ ಜಗ್ಗಿ ಜಗ್ಗಿ ನಡುಗಿತು. ಗಿರಿಜಮ್ಮ ಒಲೆಯ ಮೇಲಿನ ಸಾರನ್ನು ಹಾಗೆಯೇ ಬಿಟ್ಟು ಬರಿಗಾಲಲ್ಲಿ ರಸ್ತೆಗೆ ಓಡಿದರು. ರಾಜೇಶ ಆಟೋ ನಿಲ್ಲಿಸಿದ. ಪ್ರಣೀತಾ ಪ್ರಯೋಗಾಲಯದ ಕೋಟಿನಲ್ಲೇ ಆಸ್ಪತ್ರೆಗೆ ಬಂದಳು.

ಮಗುವಿನ ಪುಟ್ಟ ಕೈಗೆ ಸೂಜಿ ಚುಚ್ಚಿ, ರಕ್ತ ತೆಗೆದು, ಒಂದು ಗಂಟೆಯ ಮೇಲೆ ಡಾಕ್ಟರಮ್ಮ ಹೊರಗೆ ಬಂದರು. ನಡುವಯಸ್ಸಿನ ಬಂಗಾಳಿ ಹೆಂಗಸು. ಹಿಂದಿಯಲ್ಲಿ ಕೇಳಿದರು.

"ರಕ್ತದಲ್ಲಿ ಉಪ್ಪಿನ ಅಂಶ ಇಳಿದುಹೋಗಿದೆ. ನೀರು ಕುಡಿಸ್ತಿದ್ದೀರಾ?"

"ಇಲ್ಲ," ಎಂದರು ಎಲ್ಲರೂ.

"ಏನು ಹಾಲು?"

ಆಸ್ಪತ್ರೆಯ ಪಡಸಾಲೆಯಲ್ಲಿ ಬೇರೆ ಮಕ್ಕಳ ತಾಯಂದಿರು ಸಾಲಾಗಿ ಕೂತಿದ್ದರು. ಮಗಳು ಒಳಗೆ ಸೂಜಿಯ ಕೆಳಗಿದ್ದಾಗಲೂ ಪ್ರಣೀತಾ ಅವರ ಕಡೆ ಒಮ್ಮೆ ನೋಡಿದಳು. ಆಮೇಲೆ ತಗ್ಗಿದ ದನಿಯಲ್ಲಿ, "ಎದೆ ಹಾಲು. ಮತ್ತೆ ಡಬ್ಬಿಯದು," ಎಂದಳು.

"ಕಲಸುವವರು ಯಾರು?"

ಗಿರಿಜಮ್ಮ ಮುಂದೆ ಬಂದರು. ನರ್ಸು ಒಂದು ಬಾಟಲಿ, ಬಿಸಿನೀರು, ಆಸ್ಪತ್ರೆಯ ಡಬ್ಬಿ ತಂದು ಮೇಜಿನ ಮೇಲಿಟ್ಟಳು. ದಿನಾ ಮಾಡುವ ಹಾಗೆಯೇ ಮಾಡಿ ತೋರಿಸಿ ಎಂದಳು. ಗಿರಿಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ನೂರಿಪ್ಪತ್ತರ ಗೆರೆಗೆ ನೀರು. ಒಂದು ಚಮಚ. ಎರಡು ಚಮಚ. ಮುಚ್ಚಳ ಹಾಕಿ ಅಲ್ಲಾಡಿಸಿ ಬೆಳಕಿಗೆ ಹಿಡಿದು ನೋಡಿ, ಸರಿಯಾಗಿದೆ ಎಂಬಂತೆ ತಲೆಯಾಡಿಸಿ ಕೊಟ್ಟರು.

"ಇಷ್ಟೇನಾ?"

"ಮಂದ ಆದ್ರೆ ಜೀರ್ಣ ಆಗುದಿಲ್ಲ ಅಂತ ಮೂರು ವಾರದಿಂದ ಹೀಗೇ," ಗಿರಿಜಮ್ಮ ಕನ್ನಡದಲ್ಲೇ ಹೇಳಿದರು. ರಾಜೇಶ ಹಿಂದಿಯಲ್ಲಿ ಹೇಳುವಾಗ ತೊದಲಿದ.

"ಅರ್ಧ ಹಾಲು, ಅರ್ಧ ನೀರು. ಮೂರು ವಾರ," ಎಂದರು ಡಾಕ್ಟರಮ್ಮ. ದನಿ ಏರಿಸಲಿಲ್ಲ. "ಡಬ್ಬಿಯ ಮೇಲೆ ಚಿತ್ರ ಹಾಕಿರ್ತಾರಲ್ಲ. ನಿಮ್ಮ ಡಬ್ಬಿಯ ಮೇಲೆ ಇರಲಿಲ್ಲವಾ?"

"ಡಬ್ಬಿ ಇರಲಿಲ್ಲ," ಎಂದಳು ಪ್ರಣೀತಾ. "ಕಾಫಿ ಡಬ್ಬಿಗೆ ಹಾಕಿದ್ವಿ."

"ಯಾಕೆ?"

ಮೂವರೂ ನೆಲ ನೋಡಿದರು. ಡಾಕ್ಟರಮ್ಮ ಒಳಗೆ ಹೋದರು.

ಮೂರು ದಿನದ ಮೇಲೆ ಮಗು ಅತ್ತಿತು. ಆ ಅಳು ಕೇಳಿ ರಾಜೇಶ ಗೋಡೆಗೆ ಮುಖ ಕೊಟ್ಟು ನಿಂತ. ಐದನೆಯ ದಿನ ಮನೆಗೆ ಬಂದರು.

ಗಿರಿಜಮ್ಮ ಮಗುವನ್ನು ಮುಟ್ಟುತ್ತಿರಲಿಲ್ಲ. ಪ್ರಣೀತಾ ಸಂಬಳವಿಲ್ಲದ ರಜೆ ಹಾಕಿ ಮನೆಯಲ್ಲಿದ್ದಳು. ಗಿರಿಜಮ್ಮ ಕೆಳಗಿಂದ ಊಟ ತಂದು ಬಾಗಿಲಲ್ಲಿ ಇಟ್ಟು, "ಬಡಿಸಿಕೋ," ಎಂದು ತಿರುಗಿ ಇಳಿಯುತ್ತಿದ್ದರು. ಮೂರನೆಯ ದಿನ ಪ್ರಣೀತಾ ಮೆಟ್ಟಿಲಲ್ಲೇ ತಡೆದಳು.

"ಎಷ್ಟು ದಿನ ಹೀಗೆ ಅತ್ತೆ?"

"ಕೊಲ್ಲುವ ಕೈ ಇದು. ಮಗುವಿನ ಹತ್ರ ಎಂತಕ್ಕೆ?"

"ಪುಡಿ ಉಳೀತಿತ್ತು. ನಾನು ಡಬ್ಬಿ ತೆಗೆದು ನೋಡಿದ್ದೆ. ಝರ್ನಾ ಬಾಟಲಿ ಅಂಟಲ್ಲ ಅಂತ ಹೇಳಿದ್ಲು. ನನಗೆ ಗೊತ್ತಾಗ್ಬೇಕಿತ್ತು. ಗೊತ್ತಾಗೋದು ಬೇಡ ಅಂತ ಮುಚ್ಚಿಟ್ಟೆ."

ಗಿರಿಜಮ್ಮ ಮೆಟ್ಟಿಲ ಮೇಲೆ ಕೂತರು, ಸೆರಗಿನಿಂದ ಕತ್ತು ಒರೆಸಿಕೊಂಡರು.

"ರಾಜೇಶನಿಗೆ ನಾನು ಎರಡು ವರ್ಷ ಕುಡಿಸಿದ್ದಲ್ಲ. ಇಪ್ಪತ್ತು ದಿನ. ಆಮೇಲೆ ಬತ್ತಿತು. ಬೆಳಿಗ್ಗೆ ನಾಲ್ಕಕ್ಕೆ ರುಬ್ಬುಗಲ್ಲಿಗೆ ಕೂತರೆ ಎಲ್ಲಿಂದ ಹಾಲು? ಕ್ಯಾಂಟೀನಿನ ಚಹಾದ ಹಾಲಿಗೆ ನೀರು ಬೆರೆಸಿ ಕುಡಿಸಿದ್ದು. ಅದೇ ಅಳತೆ ಕೈಯಲ್ಲಿ ಕೂತದ್ದು."

"ಮತ್ತೆ ಎರಡು ವರ್ಷ ಅಂತ..."

"ಊರಿನಲ್ಲಿ ನನ್ನ ಅತ್ತೆಗೆ ಹಾಗೆ ಬರೆದಿದ್ದೆ. ಬರೆದದ್ದೇ ನಿಜ ಆಯ್ತು."

ಕೆಳಗಿನಿಂದ ರಾಯರು ಎರಡು ಮಸಾಲೆ ಎಂದು ಕೂಗಿದರು. ಗಿರಿಜಮ್ಮ ಏಳಲಿಲ್ಲ. ಮತ್ತೊಮ್ಮೆ ಕೂಗಿದರು. "ನೀವೇ ಹಾಕಿಕೊಳ್ಳಿ," ಎಂದು ಗಿರಿಜಮ್ಮ ಮೆಟ್ಟಿಲಿಂದಲೇ ಹೇಳಿದರು. ಮೂವತ್ತೈದು ವರ್ಷದಲ್ಲಿ ಮೊದಲ ಸಲ.

ಆ ಗುರುವಾರ ಹೊಸ ಡಬ್ಬಿ ಬಂತು. ರಾಜೇಶ ಚೀಲವಿಲ್ಲದೆ ಕೈಯಲ್ಲೇ ಹಿಡಿದು ತಂದ. ಹೋಟೆಲಿನ ಕೌಂಟರಿನ ಮೇಲೆ, ಸೋಂಪಿನ ಬಟ್ಟಲಿನ ಪಕ್ಕ ಇಟ್ಟ. ಮೂರು ಗಂಟೆಗೆ ಹರಿವಾಣ ತಕ್ಕಡಿ ಏರಿತು.

"ಐದು ಕಿಲೋ ನಾನೂರು," ಎಂದು ರಾಯರು ಕೂಗಿದರು. ಮಂಕಿ ಕ್ಯಾಪಿನ ಮುದುಕರಲ್ಲೊಬ್ಬರು ಕಾಫಿಯ ಲೋಟ ಎತ್ತಿದರು.

ಅದೇ ಹೊತ್ತಿಗೆ ಪದ್ಮಿನಿ ಬಂದಳು, ಮುಂದಿನ ಕೂಟದ ಆರ್ಡರು ಕೊಡಲು. ಹಿಂದೆ ಪ್ರಕೃತಿ, ಹೆಗಲ ಮೇಲೆ ವಿವೇಕ. ಪದ್ಮಿನಿಯ ಕಣ್ಣು ನೇರ ಡಬ್ಬಿಯ ಮೇಲೆ ಬಿತ್ತು.

"ಇದು ಯಾರದ್ದು?"

"ಯಾರೋ ಗಿರಾಕಿ ಬಿಟ್ಟು ಹೋದದ್ದು," ಎಂದರು ರಾಯರು. ಅಷ್ಟೆಲ್ಲ ಆದ ಮೇಲೂ ಅವರ ಬಾಯಿಗೆ ಮೊದಲು ಬಂದದ್ದು ಅದೇ.

ಪ್ರಣೀತಾ ಹರಿವಾಣದಿಂದ ಮಗುವನ್ನು ಎತ್ತಿದಳು.

"ನಂದು. ಮೂರನೇ ವಾರದಿಂದ ಇದೇ ಕೊಡ್ತಿದೀನಿ. ನಿಮ್ಮ ಮನೇಲಿ ಚಪ್ಪಾಳೆ ತಟ್ಟಿಸಿಕೊಂಡಾಗಲೂ ಕೊಡ್ತಿದ್ದೆ."

"ಅಯ್ಯೋ, ಹೇಳ್ಬಹುದಿತ್ತಲ್ಲ. ನಾವೇನು ಬೇರೆಯವರಾ?" ಎಂದಳು ಪದ್ಮಿನಿ.

"ಬೇರೆಯವರಾಗಿದ್ರೆ ಹೇಳ್ತಿದ್ದೆ."

ಪದ್ಮಿನಿ ಆರ್ಡರಿನ ಚೀಟಿಯನ್ನು ಮಡಿಸಿದಳು, ಬಿಚ್ಚಿದಳು. "ನಾನು ಒಳ್ಳೇದಕ್ಕೇ ಹೇಳಿದ್ದು," ಎಂದಳು.

ಪ್ರಕೃತಿ ಪದ್ಮಿನಿಯನ್ನು ನೋಡುತ್ತಿರಲಿಲ್ಲ. ಡಬ್ಬಿಯನ್ನೂ ನೋಡುತ್ತಿರಲಿಲ್ಲ. ಪ್ರಣೀತಾಳನ್ನೇ ನೋಡುತ್ತಿದ್ದಳು.

"ಹದಿನೈದು ದಿನ ಅಂದ್ರಿ," ಎಂದಳು. "ನಾ ತಿಂಗಳಾತು ಮೆಂತ್ಯ ತಿನ್ನಾಕತ್ತೀನಿ. ಅಕ್ಕ ಕೆಲಸಕ್ಕ ಹೋಗಿ ಮಾಡ್ತಾರ, ನಂಗ ಮನ್ಯಾಗ ಕುಂತು ಯಾಕ ಆಗವಲ್ದು ಅಂತ ದಿನಾ ಗ್ವಾಡಿಗೆ ತಲಿ ಬಡಕೊಂಡೀನಿ."

"ಪ್ರಕೃತಿ, ನಾನು..."

"ಇವ್ರು ಡಬ್ಬಿ ತಂದಿದ್ರು. ನಾ ವಾಪಸ್ ಕಳಿಸಿದೆ. ನಿಮ್ಮ ಹೆಸರು ಹೇಳಿ ವಾಪಸ್ ಕಳಿಸಿದೆ."

ಅವಳು ತಕ್ಕಡಿಯ ಹತ್ತಿರ ಬಂದಳು. "ಮಾವಾರ, ಇವನ್ನೂ ಒಂಚೂರ ತೂಗ್ತೀರೇನು?"

ರಾಯರು ಸೀರೆಯ ಮಡಿಕೆ ಸರಿಮಾಡಿದರು. ಪ್ರಕೃತಿ ಶಾಲು ಬಿಚ್ಚಿ ವಿವೇಕನನ್ನು ಹರಿವಾಣದಲ್ಲಿ ಮಲಗಿಸಿದಳು. ನಾಲ್ಕು ತಿಂಗಳ ಮಗುವಿನ ಕಾಲುಗಳು ಬೆಂಡೆಕಾಯಿಯಂತಿದ್ದವು. ಅವನು ಅಳಲಿಲ್ಲ. ಆ ಮೌನ ಏನೆಂದು ಈ ಮನೆಯವರಿಗೆ ಈಗ ಗೊತ್ತಿತ್ತು.

ಮುಳ್ಳು ಏರಿತು, ಅಲ್ಲಾಡಿತು, ನಿಂತಿತು. ರಾಯರು ಹರಿವಾಣದ ಒಂದು ಕಿಲೋ ಕಳೆದರು. ಬಾಯಿ ತೆರೆದರು. ಆ ಬಾಯಿ ಏನನ್ನೂ ಕೂಗದೆ ಮುಚ್ಚಿಕೊಂಡಿತು.

"ಎಷ್ಟ್ರೀ?" ಎಂದಳು ಪ್ರಕೃತಿ.

ರಾಯರು ಸೊಸೆಯ ಕಡೆ ನೋಡಿದರು.

"ನಾಲ್ಕು ಕಿಲೋ ಎಂಟುನೂರು," ಎಂದಳು ಪ್ರಣೀತಾ. ಅದನ್ನು ಹೇಳಬೇಕಾದವಳು ತಾನೇ ಎಂದು ಅವಳಿಗೆ ತಿಳಿದಿತ್ತು. "ಡಾಕ್ಟರ ಹತ್ರ ಈಗಲೇ ಹೋಗೋಣ. ನಾನು ಬರ್ತೀನಿ."

ಮಗಳನ್ನು ರಾಜೇಶನ ಕೈಗೆ ಕೊಟ್ಟು, ಹರಿವಾಣದ ಕಡೆ ಅವಳು ತೋಳು ಚಾಚಿದಳು. ಪ್ರಕೃತಿ ವಿವೇಕನನ್ನು ಅವಳಿಗೆ ಎತ್ತಲು ಬಿಡಲಿಲ್ಲ. ತಾನೇ ಎತ್ತಿ ಹೆಗಲಿಗೆ ಹಾಕಿಕೊಂಡಳು.

"ನೀವು ಬರೂದು ಬ್ಯಾಡ."

ಒಳಗೆ ನೀರು ಕುದಿಯುವ ಸದ್ದು ಕೇಳಿತು. ಗಿರಿಜಮ್ಮ ಅಡುಗೆಮನೆಯ ಬಾಗಿಲಿಗೆ ಬಂದರು. "ನಾನು ಬರ್ತೇನೆ ಡಾಕ್ಟರಲ್ಲಿಗೆ. ಮೊದಲು ಅದರ ಹೊಟ್ಟೆಗೆ ಇಷ್ಟು ಬೀಳಲಿ. ಆ ಡಬ್ಬಿ ತಕೊಂಡು ಬಾ ಮಗಾ. ಮೇಲೆ ಚಿತ್ರ ಉಂಟು, ಚಿತ್ರ ನೋಡಿಯೇ ಹಾಕುವ. ನನ್ನ ಕೈಯನ್ನು ನಂಬಬೇಡ."

ಪ್ರಕೃತಿ ಒಂದು ಕ್ಷಣ ನಿಂತಳು. ಆಮೇಲೆ ಕೌಂಟರಿನ ಮೇಲಿನ ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದು, ಪ್ರಣೀತಾಳನ್ನು ದಾಟಿ ಒಳಗೆ ಹೋದಳು.

ಪ್ರಣೀತಾ ಖಾಲಿ ಹರಿವಾಣದ ಎದುರು ನಿಂತಿದ್ದಳು. ಹೋಟೆಲಿನಲ್ಲಿ ಯಾರೂ ಲೋಟ ಎತ್ತಲಿಲ್ಲ. ಒಳಗಿಂದ ಗಿರಿಜಮ್ಮನ ದನಿ ಬಂತು, ಬೀದಿಯವರೆಗೂ ಕೇಳುವಷ್ಟು ದೊಡ್ಡದಾಗಿ.

"ನೂರಿಪ್ಪತ್ತು ನೀರು. ತಲೆ ಸವರಿ ಒಂದು. ತಲೆ ಸವರಿ ಎರಡು. ನಿಲ್ಲಿಸ್ಬೇಡ. ಮೂರು. ನಾಲ್ಕು."